ಕೆಂಪು ಹೋದ ಬಾವಿ

ಪುತ್ತೂರಿನಿಂದ ಬೆಳಿಗ್ಗೆ ಏಳೂಕಾಲರ ಸರ್ಕಾರಿ ಬಸ್ಸಿಗೆ ಹೊರಟೆ. ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಆದರೆ ಸುಳ್ಯದವರೆಗೂ ನಿಂತೇ ಹೋಗಬೇಕಾಯಿತು. ಚೀಲದಲ್ಲಿ ನೀರಿನ ಮಾದರಿ ತುಂಬಿಸಲು ನಾಲ್ಕು ಖಾಲಿ ಬಾಟಲಿ, ತಲೆಯಲ್ಲಿ ಸಾಕಷ್ಟು ಜಂಬ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಗುಡ್ಡೆಯಲ್ಲೆಲ್ಲ ಹಬ್ಬುವ ಕಳೆ, ಕಮ್ಯುನಿಸ್ಟ್ ಗಿಡದ ಎಲೆ ಕುದಿಸಿ, ಆ ಕಷಾಯಕ್ಕೆ ಕಬ್ಬಿಣದ ಲವಣ ಬೆರೆಸಿ ಒಂದು ಕಪ್ಪು ಪುಡಿ ಮಾಡಿದ್ದೆ. ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳು. ಬಣ್ಣದ ನೀರಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಬಣ್ಣ ಮಾಯ.

ಸುಳ್ಯದಲ್ಲಿ ಬನ್ಸ್ ತಿಂದು ಚಾ ಕುಡಿದೆ. ಅಲ್ಲಿಂದ ಆಲೆಟ್ಟಿ ದಾಟಿ ಜೀಪಿನಲ್ಲಿ ಪ್ರಯಾಣ. ಸೆಕೆ ಆಗಲೇ ಏರಿತ್ತು. ಇಳಿದಲ್ಲೇ ತೆಂಗಿನ ನಾರಿನ ಚಾಪೆಗೆ ಬಣ್ಣ ಹಾಕುವ ಶೆಡ್. ಅದರ ಕೆಳಗೆ ಕುಶಾಲಪ್ಪಣ್ಣ, ದೇವಕಿಯಕ್ಕ ದಂಪತಿಯ ತೋಟ ಮತ್ತು ಬಾವಿ. ಶೆಡ್ಡಿನ ನೀರು ಇಂಗಿ ಎರಡು ವರ್ಷ ಬಾವಿ ಕೆಂಪಾಗಿತ್ತು. ಕುಶಾಲಪ್ಪಣ್ಣ ಕೆಂಪು ನೀರಿನ ಬಾಟಲಿ ಹಿಡಿದು ಕಚೇರಿ ಕಚೇರಿ ಅಲೆದ ಮೇಲೆಯೇ ಶೆಡ್ಡಿನವರು ನನ್ನ ಪುಡಿಗೆ ಒಪ್ಪಿದ್ದು. ತಿಂಗಳ ಹಿಂದೆ ಶೆಡ್ಡಿನ ಬಣ್ಣದ ನೀರಿನ ತೊಟ್ಟಿಗೆ ಅದನ್ನು ಹಾಕಿ ತೋರಿಸಿ, ಊರವರಿಂದ ಚಪ್ಪಾಳೆ ಗಿಟ್ಟಿಸಿದ್ದೆ.

ಜಗಲಿಯಲ್ಲಿ ಕೂತೊಡನೆ ದೇವಕಿಯಕ್ಕ ಬೆಲ್ಲ, ಒಂದು ಲೋಟ ನೀರು ತಂದಿಟ್ಟರು. ಎಲ್ಲಿಯ ನೀರೆಂದು ಕೇಳಿದೆ. ಬಾವಿಯದ್ದೇ ಅಂತೆ. ಕೆಂಪು ನೀರನ್ನೆಲ್ಲ ಪಂಪು ಇಟ್ಟು ಖಾಲಿ ಮಾಡಿ, ಹೊಸದಾಗಿ ಒಸರಿದ್ದನ್ನು ಹದಿನೈದು ದಿನಗಳಿಂದ ಮನೆಯವರೆಲ್ಲ ಕುಡಿಯುತ್ತಿದ್ದಾರಂತೆ.

"ಕತ್ತಿ ಅದ್ದಿ ನೋಡಿದ್ದೇನೆ ಟೀಚರ್, ಎಂತ ತೊಂದರೆಯೂ ಇಲ್ಲ," ಎಂದರು ಕುಶಾಲಪ್ಪಣ್ಣ.

ಕೊಳೆರೋಗ ಬಾರದಂತೆ ಅಡಿಕೆಗೆ ಬಿಡುವ ಬೋರ್ಡೋ ಮದ್ದನ್ನು ಇಲ್ಲಿಯವರು ಪರೀಕ್ಷಿಸುವುದು ಹಾಗೆ. ಅದರಲ್ಲಿ ಮೈಲುತುತ್ತು, ಅಂದರೆ ತಾಮ್ರದ ಲವಣ, ಹೆಚ್ಚಾಗಿದ್ದರೆ ಅಲಗಿಗೆ ಕೆಂಪು ಹಿಡಿಯುತ್ತದೆ. ಬಾವಿಯ ನೀರಿನಲ್ಲಿ ಅಲಗು ಹೊಳೆಯುತ್ತಲೇ ಇತ್ತಂತೆ.

ಕತ್ತಿಗೆ ಗೊತ್ತಾಗುವುದು ತಾಮ್ರ ಮಾತ್ರ. ನಗಲೂ ಆಗಲಿಲ್ಲ, ಬೈಯಲೂ ಆಗಲಿಲ್ಲ. ಬಣ್ಣ ಒಡೆದು ಹೋದರೂ ಅದರ ಚೂರುಗಳು ನೀರಿನಲ್ಲೇ ಉಳಿಯಬಹುದು, ಅವು ಬಣ್ಣಕ್ಕಿಂತ ಕೆಟ್ಟವೂ ಆಗಿರಬಹುದು. ಇದು ನನಗೆ ಗೊತ್ತಿತ್ತು. ಚಪ್ಪಾಳೆಯ ಸಂಭ್ರಮದಲ್ಲಿ ಹೇಳಿರಲಿಲ್ಲ, ಅಷ್ಟೇ. ಈಗ ನಾಚಿಕೆಯಿಂದ ಎಲ್ಲವನ್ನೂ ಹೇಳಿ, ಪರೀಕ್ಷೆ ಮುಗಿಯುವ ತನಕ ಕುಡಿಯಬೇಡಿ ಎಂದೆ. ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡು ಲೋಟವನ್ನು ಬದಿಗೆ ಸರಿಸಿದ್ದು ದೇವಕಿಯಕ್ಕನಿಗೆ ಕಂಡಿತು.

"ಕೆಂಪು ಇರುವಾಗ ನಾವು ಕುಡೀತಾ ಇರ್ಲಿಲ್ಲ," ಎಂದರು.

ಶೆಡ್ಡಿಗೆ ಹೋಗಿ ನೀರು ಬಿಡುವುದನ್ನು ನಿಲ್ಲಿಸಿ ಎಂದು ಕೇಳಿದೆ. ನೀರು ತಿಳಿಯಾಗಿದೆ, ನೀವೇ ಮಾಡಿಕೊಟ್ಟದ್ದು, ಇನ್ನೆಂತ ಎಂದು ಶೆಡ್ಡಿನ ಧಣಿ ಒಳಗೆ ಹೋದರು. ಬಾವಿಗೆ ವಾಪಸು ಬಂದು ಬಾಟಲಿಗಳನ್ನು ತುಂಬಿಸಿದೆ. ದೇವಕಿಯಕ್ಕ ಒಂದನ್ನೆತ್ತಿ ಬಿಸಿಲಿಗೆ ಹಿಡಿದರು. ಒಳಗೆ ಒಂದು ಕಸವೂ ಇರಲಿಲ್ಲ.

"ಇನ್ನು ಇದನ್ನು ಹಿಡ್ಕೊಂಡು ಯಾರ ಹತ್ರ ಹೋಗುದು ಟೀಚರ್?"

ಅವರ ಕೈಯಲ್ಲಿದ್ದ ಒಂದೇ ಸಾಕ್ಷಿಯನ್ನು ತೊಳೆದು ಹಾಕಿದವಳು ನಾನು. ಬಾಟಲಿಯನ್ನು ಅವರಿಂದ ತೆಗೆದುಕೊಂಡು ಚೀಲಕ್ಕೆ ಹಾಕಿದೆ. ಮೂರು ಗಂಟೆಯ ಜೀಪು ಹತ್ತಿ ತಿರುಗಿ ನೋಡಿದೆ. ದೇವಕಿಯಕ್ಕ ಖಾಲಿ ಕೊಡ ಹಿಡಿದು, ಗುಡ್ಡೆ ಹತ್ತಿ, ಮೇಲಿನ ಮನೆಯವರ ಬಾವಿಗೆ ಹೊರಟಿದ್ದರು.