ಅಪ್ಪನ ಮೈ ತೊಳೆದವರು

ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲವೆಂದೆ. ಆ ಒಂದು ಮಾತಿನಿಂದ ನಮ್ಮೂರಿನ ಮಠ ತನ್ನ ಗುರುವನ್ನು ಕಳೆದುಕೊಂಡಿತು. ನನ್ನ ಹೆಂಡತಿ ಕಸ್ತೂರಿ — ಅವಳು ಕಳೆದುಕೊಂಡದ್ದನ್ನು ಹೇಗೆ ಬರೆಯಲಿ...

ಕೊಣ್ಣೂರಿನ ಆಚೆ ನಮ್ಮೂರು. ಗೋಕಾಕದ ಪೇಟೆಯಲ್ಲಿ ನನ್ನದೊಂದು ಕಾಳಿನ ಅಂಗಡಿ. ಅಪ್ಪ ಮಠದ ಕಮಿಟಿಗೆ ಬಹಳ ವರ್ಷ ಹಿರಿಯರಾಗಿದ್ದವರು. ಅವರು ಬಂದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಅಂಥವರಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು, ಎಲ್ಲವೂ ಹಾಸಿಗೆಯಲ್ಲೇ ಆಗತೊಡಗಿತು. ನಾನೊಬ್ಬನೇ ಮಗ. ಮೊದಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿದೆ. ಆಮೇಲೆ ಅಂಗಡಿಯ ನೆಪ — ನಸುಕಿನಲ್ಲಿ ಹೋಗುವುದು, ಕತ್ತಲಾದ ಮೇಲೆ ಬರುವುದು. ಸೊಸೆ ಮೈ ಮುಟ್ಟಿದರೆ ಅಪ್ಪ ನಾಚಿಕೆಯಿಂದ ಅಳುತ್ತಿದ್ದರು. ಕಸ್ತೂರಿ ಹೇಳಿದಳು. ಆಳು ನೋಡೋಣ ಎಂದೆ, ನೋಡಲಿಲ್ಲ.

ಒಂದು ದಿನ ಜ್ವರ ಬಂದಂತಾಗಿ ಮಧ್ಯಾಹ್ನವೇ ಮನೆಗೆ ಬಂದೆ. ಅಪ್ಪ ಮಲಗುತ್ತಿದ್ದ ಖೋಲಿಯ ಬಾಗಿಲು ಅರ್ಧ ತೆರೆದಿತ್ತು. ಮಠದ ಅಜ್ಜಾರು — ಊರೆಲ್ಲ ಪಾದಕ್ಕೆ ಹಣೆ ಹಚ್ಚುತ್ತಿದ್ದ ಸ್ವಾಮಿಗಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು — ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಅಪ್ಪನ ಹೊಲಸು ತೊಳೆಯುತ್ತಿದ್ದರು. ಬೆನ್ನಿನ ಹುಣ್ಣಿನ ಹತ್ತಿರ ಬಂದಾಗ ಅವರ ಕೈ ಎಷ್ಟು ನಿಧಾನವಾಗುತ್ತಿತ್ತು... ಅಪ್ಪ ಮುಖವನ್ನು ಗೋಡೆಗೆ ಮಾಡಿದ್ದರು.

“ನಾಚಬ್ಯಾಡ್ರಿ ಯಜಮಾನ್ರ,” ಎನ್ನುತ್ತಿದ್ದರು ಅಜ್ಜಾರು. “ಈ ಮಾತು ಈ ಖೋಲಿ ಬಿಟ್ಟು ಹೊರಗ ಹೋಗೂದಿಲ್ಲ.”

ಒಳಗೆ ಹೋಗಬೇಕಿತ್ತು ನಾನು. ಆ ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಳ್ಳಬೇಕಿತ್ತು. ಬಿಸಿನೀರು ತರುತ್ತಿದ್ದ ಕಸ್ತೂರಿ ನನ್ನನ್ನು ಕಂಡಳು. ಬಂದ ಹಾಗೇ ಹಿಂದಿರುಗಿದೆ. ನಿಜ ಹೇಳಬೇಕೆಂದರೆ — ಹಗುರಾದೆ. ಇನ್ನು ಆಳು ಹುಡುಕುವುದು ಬೇಡ ಎಂದು.

ಗಂಡಸಿಲ್ಲದ ಹೊತ್ತಿನಲ್ಲಿ ಸ್ವಾಮಿಗಳು ದಿನಾ ಆ ಮನೆಗೆ ಯಾಕೆ ಹೋಗುತ್ತಾರೆ? ಊರಲ್ಲಿ ಮಾತು ಹುಟ್ಟಿತು, ಬೆಳೆಯಿತು. ಮಠದಲ್ಲಿ ಹಿರಿಯರು ಕೂಡಿದರು. ಹೆಂಗಸರನ್ನು ಕರೆಯಲಿಲ್ಲ. ಯಜಮಾನರನ್ನು ನೋಡಲು ಹೋಗುತ್ತೇನೆ ಎಂದಷ್ಟೇ ಅಜ್ಜಾರು ಹೇಳಿದರು. ದಿನಾ ಏನು ನೋಡುವುದು ಎಂದು ಯಾರೋ ನಕ್ಕರು. ಕೊನೆಗೆ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು.

“ಅಜ್ಜಾರು ನಿಮ್ಮ ಮನಿಗಿ ಯಾಕ ಬರ್ತಾರಂತ ನಿಮಗ ಗೊತ್ತೈತೇನ್ರಿ?”

ಗೊತ್ತು ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು — ಮಗನಾಗಿ ನೀನೇನು ಮಾಡುತ್ತಿದ್ದೆ?

“ನನಗ ಗೊತ್ತಿಲ್ರಿ,” ಎಂದೆ.

ಅಜ್ಜಾರು ನನ್ನನ್ನು ನೋಡಿದರು. ಸಿಟ್ಟಾಗಿದ್ದರೆ ತಾಳಿಕೊಳ್ಳುತ್ತಿದ್ದೆ. ಕಾಯಿಲೆಯವನನ್ನು ನೋಡುವ ಹಾಗೆ ನೋಡಿದರು, ಇನ್ನೂ ಏನಾದರೂ ಹೇಳುತ್ತೇನೋ ಎಂದು ಸ್ವಲ್ಪ ಕಾದರು... ಆಮೇಲೆ ಎದ್ದರು. ಅಂದೇ ಸಂಜೆಯ ಬಸ್ಸಿಗೆ ಊರು ಬಿಟ್ಟರು.

ಮನೆಗೆ ಬಂದಾಗ ಕಸ್ತೂರಿ ಹೇಳಿದ್ದು ಇಷ್ಟೇ. “ನೀವು ಕಂಡಿದ್ರಿ.”

ಮಧ್ಯಾಹ್ನವಾದರೆ ಅಪ್ಪ ಬಾಗಿಲ ಕಡೆ ಕತ್ತು ಹೊರಳಿಸುತ್ತಿದ್ದರು. ಈಗ ನಾನೇ ತೊಳೆಯುತ್ತಿದ್ದೆ — ಒರಟಾಗಿ, ಅವಸರದಲ್ಲಿ. ಮಳೆಗಾಲದವರೆಗೂ ಅವರು ಉಳಿಯಲಿಲ್ಲ. ಕಸ್ತೂರಿ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅವಳ ತಮ್ಮನ ಮದುವೆಗೆ ತವರಿನವರೂ ಅವಳನ್ನು ಕರೆಯಲಿಲ್ಲ. ನೋಡುತ್ತ ಸುಮ್ಮನಿದ್ದೆ — ವರ್ಷಗಟ್ಟಲೆ. ಅಪ್ಪನ ಜಾಗದಲ್ಲಿ ಕಮಿಟಿಗೆ ನನ್ನನ್ನೇ ಹಿರಿಯನನ್ನಾಗಿ ಮಾಡಿದಾಗ, ಹೋಗಿ ಕೂತೆ ಕೂಡ.

ಅಜ್ಜಾರು ಘೋಡಗೇರಿಯ ಕಡೆ ಒಂದು ಹಳ್ಳಿಯ ಗುಡಿಯಲ್ಲಿ, ದಿಕ್ಕಿಲ್ಲದ ಮುದುಕರನ್ನು ನೋಡಿಕೊಂಡಿದ್ದಾರೆ ಎಂದು ಹುಕ್ಕೇರಿಯ ವ್ಯಾಪಾರಿಯೊಬ್ಬ ಹೋದ ತಿಂಗಳು ಹೇಳಿದ. ಹೋದೆ. ಗಡ್ಡ ನರೆತಿತ್ತು. ಯಾರಿಗೋ ಗಂಜಿ ಕುಡಿಸುತ್ತಿದ್ದರು. ನನ್ನನ್ನು ಕಂಡವರೇ ಕೇಳಿದರು:

“ಅಪ್ಪಾರು ಹೆಂಗದಾರ್ರಿ?”

ಅವರಿಗೆ ಯಾರೂ ಹೇಳಿರಲಿಲ್ಲ.

ಕಾಲಿಗೆ ಬಿದ್ದು ಎಲ್ಲ ಹೇಳಿದೆ. ಅವರು ಗಂಜಿಯ ಬಟ್ಟಲನ್ನು ಕೆಳಗಿಟ್ಟರು. “ನನ್ನ ಹಂತೇಕ ಯಾಕ ಬಂದ್ರಿ? ಆ ತಾಯಿ ಹಂತೇಕ ಹೋಗ್ರಿ,” ಎಂದು ಮತ್ತೆ ಗಂಜಿಯ ಬಟ್ಟಲು ಎತ್ತಿಕೊಂಡರು.

ಕಸ್ತೂರಿ ಜೋಳ ಹಸನು ಮಾಡುತ್ತಿದ್ದಳು. ಅವಳೆದುರು ಕೂತು ತಪ್ಪಾಯಿತು ಎಂದೆ. ಅವಳ ಕೈ ನಿಂತಿತು.

“ನನಗ ಗೊತ್ತಿರೂದನ್ನ ನನಗ್ಯಾಕ ಹೇಳ್ತೀರಿ? ಅವತ್ತ ಮಠದಾಗ ಕುಂತಿದ್ರಲ್ಲ, ಅವರಿಗಿ ಹೇಳ್ರಿ.”

ಅಂದು ಕೂತಿದ್ದವರಲ್ಲಿ ಹಲವರು ಈಗಿಲ್ಲ. ಅವರು ನಂಬಿದ್ದನ್ನು ನಂಬಿಕೊಂಡೇ ಹೋದರು. ಕಮಿಟಿ ಬಿಟ್ಟಿದ್ದೇನೆ. ಉಳಿದವರ ಮನೆಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ಈಗ್ಯಾಕೆ ಬಿಡಿ ಎನ್ನುತ್ತಾರೆ ಕೆಲವರು. ಬಿಡುವುದಿಲ್ಲ, ಕೂತು ಪೂರ್ತಿ ಹೇಳಿಯೇ ಏಳುತ್ತೇನೆ. ಎಲ್ಲಿಗೆ ಹೋಗಿದ್ದಿರಿ ಎಂದು ಕಸ್ತೂರಿ ಕೇಳುವುದಿಲ್ಲ. ತಾಟಿಗೆ ರೊಟ್ಟಿ ಹಾಕಿ ಒಳಗೆ ಹೋಗುತ್ತಾಳೆ.