ರಕ್ತದ ಮೇಷ್ಟ್ರು ಮತ್ತು ಒಂದೇ ಡಬ್ಬಿಯ ಗುಳಿಗೆ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹದಿನೇಳು ಮತ್ತು ಹದಿನೆಂಟನೆಯ ರಕ್ತದ ಮಾದರಿಗಳ ಫಲಿತಾಂಶ ಉಳಿದವುಗಳೊಂದಿಗೆ ಹೊಂದಲಿಲ್ಲ.

ಸಕ್ಕರೆ ಕಾಯಿಲೆಯ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಹಿರಿಯ ತಂತ್ರಜ್ಞರಿಗೆ ಅಂಥ ಬೆಳಗು ಹೊಸದು. ರಕ್ತ ತೆಗೆಯುವ ಕೆಲಸವನ್ನು ಮೂರು ತಲೆಮಾರಿಗೆ ಕಲಿಸಿದ್ದರಿಂದ ಅವರಿಗೆ ‘ರಕ್ತದ ಮೇಷ್ಟ್ರು’ ಎಂಬ ಹೆಸರು ಬಿದ್ದಿತ್ತು. ಸೇರಿದ ಹೊಸದರಲ್ಲಿ ಅವರು ಸೀಸೆ ತೊಳೆಯುತ್ತಿದ್ದರು. ಆರನೆಯ ವರ್ಷಕ್ಕೆ ಸೂಜಿ ಕೈಗೆ ಬಂತು. ಹದಿನೈದನೆಯ ವರ್ಷಕ್ಕೆ ಇಡೀ ಕೋಣೆ ಅವರ ಹೊಣೆಯಾಯಿತು. ರಕ್ತನಾಳ ಸಿಗದ ವೃದ್ಧರ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗಾಗಿಸಿದ ಮೇಲೆಯೇ ಅವರು ಚುಚ್ಚುತ್ತಿದ್ದರು. ಮನಸ್ಸಿನಲ್ಲಿ ಅನುಮಾನ ಬಂದರೆ ಅಂದೇ, ಕೆಂಪು ಶಾಯಿಯಲ್ಲಿ, ಪುಸ್ತಕದಲ್ಲಿ ಬರೆಯಬೇಕೆಂಬುದು ಅವರು ಶಿಷ್ಯರಿಗೆ ವಿಧಿಸಿದ ನಿಯಮ. ಅವರ ಸ್ವಂತ ಹೆಸರಿನ ಮುಂದೆ ಮಾತ್ರ ಕೆಂಪು ಶಾಯಿ ಬಿದ್ದಿರಲಿಲ್ಲ.

ಸಕ್ಕರೆ ಹೆಚ್ಚಾದವರ ರಕ್ತದ ಕೆಂಪು ಕಣಗಳು ಬೇಗ ಸವೆಯುತ್ತವೆ. ವಿಟಮಿನ್ ಸಿ ಮತ್ತು ಇ ಅವುಗಳಿಗೆ ರಕ್ಷೆಯಾದಾವೇ ಎಂದು ತಿಳಿಯಲು ಈ ವರ್ಷ ಆಸ್ಪತ್ರೆಯ ಡಾಕ್ಟರಮ್ಮನವರು ಒಂದು ಅಧ್ಯಯನ ಆರಂಭಿಸಿದ್ದರು. ಅರವತ್ತು ಜನರು. ಎಲ್ಲರೂ ಎಂದಿನ ಔಷಧಿಯನ್ನು ಮುಂದುವರಿಸಬೇಕು. ಅದರ ಜೊತೆಗೆ ಅರ್ಧದಷ್ಟು ಜನರಿಗೆ ವಿಟಮಿನ್, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬ ಚೀಟಿ ಮುಚ್ಚಿದ ಲಕೋಟೆಯಲ್ಲಿತ್ತು.

ಮೂರನೆಯ ತಿಂಗಳ ಪರೀಕ್ಷೆಯಲ್ಲಿ ರಕ್ತದ ವಿಟಮಿನ್ ಪ್ರಮಾಣ ಎರಡು ಗುಂಪಾಗಿ ಒಡೆದು ನಿಂತಿತು: ಕೆಲವರದು ಮೇಲೆ, ಕೆಲವರದು ಕೆಳಗೆ. ಹದಿನೇಳು, ಹದಿನೆಂಟು ಮಾತ್ರ ನಡುವೆ ಜೋತು ಬಿದ್ದಿದ್ದವು, ಎರಡೂ ಹೆಚ್ಚುಕಡಿಮೆ ಒಂದೇ ಅಂಕಿಯಲ್ಲಿ. ಒಬ್ಬರ ರಕ್ತಕ್ಕೆ ಇನ್ನೊಬ್ಬರದು ಬೆರೆತರೆ ಹೀಗಾಗುವುದುಂಟು. ಅದು ಕೆಲಸಕ್ಕೆ ಸೇರಿದ ಮೊದಲ ವಾರದವರು ಮಾಡುವ ತಪ್ಪು.

“ಮೇಷ್ಟ್ರೇ, ನಿಮ್ಮ ಕೈ ತಪ್ಪುತ್ತಾ? ಯಂತ್ರಕ್ಕೇ ತಲೆ ಕೆಟ್ಟಿರಬೇಕು,” ಎಂದರು ಕಿರಿಯ ತಂತ್ರಜ್ಞೆ.

“ಯಂತ್ರಕ್ಕೆ ತಲೆ ಎಲ್ಲಿದೆಯಮ್ಮ, ಕೆಡೋಕೆ? ಇರೋದು ನನಗೆ.”

ಮೇಷ್ಟ್ರು ಕೆಂಪು ಲೇಖನಿ ತೆಗೆದು, ‘ಮಾದರಿ ಬೆರೆತಿರಬಹುದು, ನನ್ನ ಕೈಯಿಂದ’ ಎಂದು ಬರೆದು ಸಹಿ ಹಾಕಿದರು. ಅವರನ್ನು ಕೊರೆದದ್ದು ಆ ಒಂದು ಸಾಲಲ್ಲ. ಇವತ್ತು ಬೆರೆಸಿದ ಕೈ ಎಷ್ಟು ದಿನದಿಂದ ಬೆರೆಸುತ್ತಿದೆ? ಆ ಕೈ ಬರೆದ ಅಂಕಿಯನ್ನು ನಂಬಿ ಎಷ್ಟು ಜನರ ಔಷಧಿ ಏರಿತ್ತು, ಇಳಿದಿತ್ತು? ನಿವೃತ್ತಿಗೆ ಒಂಬತ್ತು ವಾರ ಉಳಿದಿತ್ತು.

ಇಬ್ಬರನ್ನೂ ಮತ್ತೆ ಕರೆಸಿದರು. ಒಬ್ಬರು ದರ್ಜಿ, ಇನ್ನೊಬ್ಬರು ಅವರ ಹೆಂಡತಿ. ಈ ಸಲ ಹೆಂಡತಿಯ ರಕ್ತವನ್ನು ಕಿರಿಯ ತಂತ್ರಜ್ಞೆ ತೆಗೆದರು. ಎರಡು ಮಾದರಿಗಳನ್ನೂ ಬೇರೆ ಬೇರೆ ಕೋಣೆಯಲ್ಲಿ ಪರೀಕ್ಷಿಸಲಾಯಿತು. ಅಂಕಿ ಮತ್ತೆ ನಡುವೆಯೇ. ಕೈ ತಪ್ಪಿಲ್ಲವೆಂದಾದರೆ ತಪ್ಪಿದ್ದೇನು? ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಹೊರಗೆ ಬಂದು ನೋಡಿದರೆ, ಬೆಂಚಿನ ಮೇಲೆ ಹೆಂಡತಿ ಸ್ಟೀಲ್ ಡಬ್ಬಿ ತೆರೆದು ಗಂಡನಿಗೊಂದು, ತನಗೊಂದು ಗುಳಿಗೆ ತೆಗೆಯುತ್ತಿದ್ದರು.

“ಅಕ್ಕ, ಇಬ್ಬರಿಗೂ ಬೇರೆ ಬೇರೆ ಸೀಸೆ ಕೊಟ್ಟಿದ್ವಲ್ಲ?”

“ಒಂದೇ ಮನೇಲಿ ಎರಡು ಸೀಸೆ ಯಾಕೆ ಸಾರ್? ಕೆಲವರಿಗೆ ಮದ್ದು, ಕೆಲವರಿಗೆ ಬರೀ ಉಂಡೆ ಅಂತ ನೀವೇ ಹೇಳಿದ್ರಿ. ಇವರಿಗೆ ಮದ್ದು, ನನಗೆ ಉಂಡೆ ಅಂದ್ರೆ ನ್ಯಾಯಾನಾ? ಎರಡೂ ಸುರಿದು ಕಲಸಿಬಿಟ್ಟೆ.”

“ನಲವತ್ತು ವರ್ಷದಿಂದ ಹೀಗೇ ಸಾರ್,” ಎಂದರು ದರ್ಜಿ. “ನನಗೆ ಸಕ್ಕರೆ ಬಂತು ಅಂತ ಇವಳೂ ಬರಿಸ್ಕೊಂಡ್ಲು.”

“ಸುಮ್ನಿರಿ, ನನಗೇ ಮೊದಲು ಬಂದಿದ್ದು!”

ಮೇಷ್ಟ್ರ ಕೈಗೆ ಹತ್ತಿದ್ದ ಮಸಿ ತೊಳೆದುಹೋಯಿತು. ಆದರೆ ಗೊಂದಲ ದೊಡ್ಡದಾಯಿತು. ಒಂದು ಡಬ್ಬಿ ಕಣ್ಣಿಗೆ ಬಿತ್ತು, ಕಾಣದ್ದೆಷ್ಟು?

“ಆ ಎರಡನ್ನ ಬಿಟ್ಬಿಡೋಣ ಮೇಷ್ಟ್ರೇ. ವರದಿ ಮುಗಿಯೋ ಹಂತದಲ್ಲಿದೆ,” ಎಂದರು ಡಾಕ್ಟರಮ್ಮ.

“ಬಿಡಬಹುದು ಡಾಕ್ಟ್ರೇ. ಮಿಕ್ಕ ಐವತ್ತೆಂಟು ಜನ ಏನು ನುಂಗಿದ್ದಾರೆ ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲವಲ್ಲ.”

ಮುಂದಿನ ಎರಡು ವಾರ ಅವರು ಐವತ್ತೆಂಟು ಜನರನ್ನೂ ಬಯ್ಯದೆ, ಬೆದರಿಸದೆ ಕೇಳಿದರು. ಹನ್ನೊಂದು ಮಂದಿ ತಂಗಿಗೋ ನೆರೆಯವರಿಗೋ ಪಾಲು ಕೊಟ್ಟಿದ್ದರು. ನಾಲ್ವರು ಅಂಗಡಿಯಿಂದ ವಿಟಮಿನ್ ಕೊಂಡು ಮೇಲಿಂದ ನುಂಗಿದ್ದರು. ಇವರೆಲ್ಲರ ಅಂಕಿಗಳು ಮೇಲಿನ, ಕೆಳಗಿನ ಗುಂಪುಗಳಲ್ಲೇ ಅಡಗಿಹೋಗಿದ್ದವು. ವಿಟಮಿನ್‌ನಿಂದ ಕೆಂಪು ಕಣಗಳಿಗೆ ಒಳಿತಾಯಿತೋ ಇಲ್ಲವೋ ‘ಈ ಅಧ್ಯಯನದಿಂದ ತಿಳಿಯಲಿಲ್ಲ’ ಎಂದು ಡಾಕ್ಟರಮ್ಮನವರು ವರದಿಯಲ್ಲಿ ಬರೆದರು. ಒಲ್ಲದ ಮನಸ್ಸಿನಿಂದ ಬರೆದರು; ಬರೆದದ್ದನ್ನು ತಿದ್ದಲಿಲ್ಲ. ಮೇಷ್ಟ್ರೂ ತಮ್ಮ ಕೆಂಪು ಸಾಲನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ ‘ಬೆರೆತದ್ದು ರಕ್ತವಲ್ಲ, ಗುಳಿಗೆ’ ಎಂದು ಸೇರಿಸಿದರು.

ಅನುಮಾನವನ್ನು ಅವಮಾನವೆಂದು ತಿಳಿಯದ ಈ ಹಿರಿಯರು ನೂರು ವರ್ಷ ಬಾಳಲಿ. ನಮ್ಮ ಅಂಕಿಗಳನ್ನು ಹೀಗೆಯೇ ಅನುಮಾನಿಸುತ್ತಿರಲಿ.

ಅಧ್ಯಯನ ಕಳೆದ ಸೋಮವಾರ ಹೊಸದಾಗಿ ಆರಂಭವಾಯಿತು. ಅರ್ಜಿಯ ಮೊದಲ ಪ್ರಶ್ನೆ, ‘ಮನೆಯಲ್ಲಿ ಈ ಗುಳಿಗೆಯನ್ನು ಇನ್ನು ಯಾರಿಗೆ ಕೊಡುತ್ತೀರಿ?’ ಎಂಬುದನ್ನು ಬರೆದುಕೊಟ್ಟವರು ಮೇಷ್ಟ್ರು. ದರ್ಜಿ ದಂಪತಿ ಏಳು ಗಂಟೆಗೆ ಮೊದಲೇ ಬಂದು ಹೆಸರು ಕೊಟ್ಟರು. ಈ ಸಲ ಇಬ್ಬರನ್ನೂ ಒಂದೇ ಗುಂಪಿಗೆ ಹಾಕಲಾಗಿದೆ. ಯಾವ ಗುಂಪು ಎಂಬುದು ಲಕೋಟೆಯಲ್ಲಿದೆ.