ನಿಲ್ಲದೆ ಓಡಿದವರಿಗೆ ಇಟ್ಟಿಗೆ

ನಮ್ಮ ಅಜ್ಜೀಪುರದವರು ಓಡುತ್ತಿದ್ದುದು ದನ ತಪ್ಪಿಸಿಕೊಂಡಾಗ ಮಾತ್ರ. ಹೀಗಾಗಿ, ದೀಪಾವಳಿ ರಜೆಯಲ್ಲಿ ಗಂಡಸರು ಹನೂರಿನಿಂದ ನಮ್ಮೂರ ಶಾಲೆಯವರೆಗೆ ಓಡುತ್ತಾರೆ, ಅದರಿಂದ ಹನೂರಿನ ಆಸ್ಪತ್ರೆಗೆ ಹೆರಿಗೆ ಕೋಣೆ ಬರುತ್ತದೆ ಎಂದು ಮೇಷ್ಟ್ರು ಹೇಳಿದಾಗ ಯಾರಿಗೂ ತಲೆಬುಡ ತಿಳಿಯಲಿಲ್ಲ. ಮೇಷ್ಟ್ರು ಬಿಡಿಸಿ ಹೇಳಿದರು. ನಿಲ್ಲದೆ ಓಡಿ ಮುಟ್ಟಿದ ಒಬ್ಬೊಬ್ಬರ ಲೆಕ್ಕದಲ್ಲೂ ಇಟ್ಟಿಗೆ ಗೂಡಿನ ಯಜಮಾನರು ಒಂದೊಂದು ಗಾಡಿ ಇಟ್ಟಿಗೆ ಕೊಡುತ್ತಾರೆ. ನಡುವೆ ನಿಂತರೆ ಇಲ್ಲ. ಇದು ಇನ್ನೂ ಮೈಸೂರು ರಾಜ್ಯವಾಗಿದ್ದ ಕಾಲ.

ನನ್ನ ಅಣ್ಣ ಹೆಸರು ಕೊಟ್ಟ. ಹಿಂದಿನ ವರ್ಷ ಅತ್ತಿಗೆ ಹೆರಿಗೆ ನೋವಿನಲ್ಲಿ ಎತ್ತಿನ ಗಾಡಿಯಲ್ಲಿ ಕೊಳ್ಳೇಗಾಲಕ್ಕೆ ಹೋಗುವಾಗ ದಾರಿಯಲ್ಲೇ ತೀರಿಕೊಂಡಿದ್ದಳು. ಮಗುವೂ ಉಳಿಯಲಿಲ್ಲ. ಗಾಡಿ ಹೊಡೆದವನು ಅಣ್ಣನೇ. ಆಮೇಲೆ ಅವನು ಊಟಕ್ಕೆ ಕುಳಿತಾಗ ಸಾಕು ಅನ್ನುವುದು ಬಿಟ್ಟರೆ ಹೆಚ್ಚು ಮಾತಾಡುತ್ತಿರಲಿಲ್ಲ.

"ನೀನು ಎಮ್ಮೆ ಹಿಂದ್ಲೂ ಓಡ್ದೋನಲ್ಲ ಕಣ್ಲಾ," ಎಂದರು ಅಪ್ಪ.

"ಒಂದ್ ಗಾಡಿ ಇಟ್ಗೆ ತರ್ಬೇಕು," ಎಂದ ಅಣ್ಣ.

ಮೇಷ್ಟ್ರು ಒಂದನ್ನು ಮರೆತಿದ್ದರು. ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ದಾರಿಯೂ ಅದೇ. ಆ ದಾರಿಯಲ್ಲಿ ಬರಿಗಾಲಲ್ಲಿ ಬಂದವರ ಕಾಲಿಗೆ ನೀರು ಹುಯ್ಯದೆ ಬಿಟ್ಟ ಹೆಂಗಸು ನಮ್ಮೂರಲ್ಲಿಲ್ಲ. ಓಟ ನೋಡಲು ನಾವೆಲ್ಲ ರಸ್ತೆಗೆ ಬಂದದ್ದೂ ಚೆಂಬು, ಪಾನಕದ ಕೊಡ ಹಿಡಿದುಕೊಂಡೇ.

ಮೊದಲು ಬಂದವನು ಶಾಗ್ಯ ಅನ್ನುವ ಊರಿನವನು. ಅವನ ಹಿಂದೆ ಕಣ್ಣು ಹಾಯುವಷ್ಟು ದೂರ ಯಾರೂ ಇರಲಿಲ್ಲ. ಪಕ್ಕದ ಮನೆಯ ಅಜ್ಜಿ ಚೆಂಬು ಹಿಡಿದು ಅಡ್ಡ ನಿಂತಳು.

"ನಾನ್ ಬೆಟ್ಟಕ್ಕೆ ಓಯ್ತಿಲ್ಲ ಕಣಜ್ಜಿ, ಇಸ್ಕೂಲಿಗೆ!"

"ಎಲ್ಲಿಗಾದ್ರೂ ಓಗಪ್ಪ, ಕಾಲು ಕೊಡು."

ಅವನು ಕಾಲು ಕೊಟ್ಟ. ಪಾನಕ ಕುಡಿದ. ಒಂದು ಗಾಡಿ ಇಟ್ಟಿಗೆ ಹೋಯಿತು. ಸೀಟಿ ಊದುತ್ತಾ ಓಡಿ ಬಂದ ಮೇಷ್ಟ್ರ ಕಾಲಿಗೂ ಯಾರೋ ನೀರು ಹುಯ್ದರು. ಸುಳ್ಳು ಯಾಕೆ ಹೇಳಲಿ, ಮೂರನೆಯವನನ್ನು ನಿಲ್ಲಿಸಿ ಮಜ್ಜಿಗೆ ಕೊಟ್ಟವಳು ನಾನೇ. ಅವನು ಎರಡನೇ ಲೋಟ ಕೇಳಿದಾಗ ನನಗೆ ಅತ್ತಿಗೆಯ ನೆನಪಾಯಿತು, ಮಜ್ಜಿಗೆ ಪಾತ್ರೆ ಕೆಳಗಿಟ್ಟೆ. ಅಷ್ಟರಲ್ಲಿ ಬಂದಿದ್ದ ಓಟಗಾರರೆಲ್ಲ ಸಾಲಾಗಿ ನಮ್ಮ ಜಗಲಿಗಳ ಮೇಲೆ ಕುಳಿತು ಒಬ್ಬಟ್ಟು ತಿನ್ನುತ್ತಿದ್ದರು.

ಎಲ್ಲರಿಗಿಂತ ಕೊನೆಗೆ ಅಣ್ಣ ಬಂದ. ಓಟ ಅನ್ನುವಂತಿರಲಿಲ್ಲ, ಆದರೆ ನಿಂತಿರಲಿಲ್ಲ. ಹಿಮ್ಮಡಿಯಲ್ಲಿ ರಕ್ತ. ಅವ್ವ ಚೆಂಬು ಎತ್ತಿಕೊಂಡು ರಸ್ತೆಗಿಳಿದಳು.

"ಅವ್ವಾ, ನಿಲ್ಲುಸ್ಬ್ಯಾಡ!" ಎಂದು ಕಿರುಚಿದೆ.

"ನಾನ್ಯಾಕ್ ನಿಲ್ಲುಸ್ಲಿ?"

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಪಕ್ಕದಲ್ಲೇ ಓಡಲು ಶುರು ಮಾಡಿದಳು. ಓಡುತ್ತಲೇ ಅವನ ಕಾಲಿಗೆ ನೀರು ಹುಯ್ಯುತ್ತಿದ್ದಳು. ಅರ್ಧ ನೀರು ಅವಳ ಸೀರೆಗೇ ಬಿತ್ತು. ಜಗಲಿಯ ಮೇಲಿದ್ದವರು ತಿನ್ನುವುದು ನಿಲ್ಲಿಸಿದರು. ಊರಿನ ಆ ತುದಿಯ ಶಾಲೆ ಮುಟ್ಟುವವರೆಗೂ ಇಬ್ಬರೂ ನಿಲ್ಲಲಿಲ್ಲ.

ಶಾಲೆಯ ಬಳಿ ಇಟ್ಟಿಗೆ ಗೂಡಿನ ಯಜಮಾನರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. "ಎಷ್ಟ್ ಜನ ಬಂದ್ರು ಮೇಷ್ಟ್ರೇ?"

"ಒಬ್ರು ಸಾ."

ಅವರು ಅವ್ವನ ಒದ್ದೆ ಸೀರೆಯನ್ನೂ ಖಾಲಿ ಚೆಂಬನ್ನೂ ನೋಡಿದರು. "ಇಬ್ರು ಅಂತ ಬರ್ಕಳಿ."

ಕೋಣೆಗೆ ಬೇಕಾದ ಮಿಕ್ಕ ಇಟ್ಟಿಗೆ ಹೇಗೋ ಬಂತು. ಎರಡು ವರ್ಷದ ಮೇಲೆ ಅಲ್ಲಿಗೆ ಹೆರಿಗೆಗೆ ಮೊದಮೊದಲು ಹೋದವರಲ್ಲಿ ನಾನೂ ಒಬ್ಬಳು. ಗಾಡಿ ಹೊಡೆದವನು ಅಣ್ಣನೇ. ಒಳಗೆ ಮಲಗಿದ್ದ ನನಗೆ ಹೊರಗಿನ ಮಾತೆಲ್ಲ ಕೇಳುತ್ತಿತ್ತು.

"ಗೋಡೆ ಮುಟ್ಬ್ಯಾಡಿ, ಸುಣ್ಣ ಅಸಿ ಅದೆ," ಎಂದು ಆಯಾ ಗದರಿದಳು.

"ಮುಟ್ಲಿ ಬುಡವ್ವ," ಎಂದಳು ಅವ್ವ.

ಮಗು ಹುಟ್ಟಿ ಅತ್ತಾಗ ಅಣ್ಣ ಒಳಗೆ ಬಂದ. ಅವನ ಎರಡೂ ಅಂಗೈಗಳು ಬೆಳ್ಳಗಿದ್ದವು.